ಮೂವರು ಡಾಕ್ಟರು, ಮೂರು ಸಲಹೆ: ಮೆದುಳಿನ ಅನ್ಯೂರಿಸಂ ವಿಷಯದಲ್ಲಿ ಯಾರ ಮಾತು ಕೇಳೋದು?

ಪ್ರಶ್ನೆ: ನನ್ನ ಅಕ್ಕನಿಗೆ 54 ವರ್ಷ. ಬಿಪಿ ಇದೆ, ಮಾತ್ರೆ ತಗೋತಾರೆ. ತಲೆಸುತ್ತು ಅಂತ ಎಂಆರ್‌ಐ ಮಾಡಿಸಿದಾಗ ಮೆದುಳಿಗೆ ಹೋಗುವ ಕೆರೋಟಿಡ್ ರಕ್ತನಾಳದಲ್ಲಿ, ಕಣ್ಣಿಗೆ ಹೋಗುವ ಕವಲಿನ ಹತ್ತಿರ, 8 ಮಿಲಿಮೀಟರಿನ ಅನ್ಯೂರಿಸಂ (ರಕ್ತನಾಳದ ಗೋಡೆ ಬಲೂನಿನ ಹಾಗೆ ಉಬ್ಬಿರುವುದು) ಸಿಕ್ಕಿತು. ಒಡೆದಿಲ್ಲ. ಆದರೆ ಅದರ ಬಾಯಿ ಅಗಲ, ಜಾಗ ಇಕ್ಕಟ್ಟು, ಹಾಗಾಗಿ ‘ಕಷ್ಟದ ಕೇಸು’ ಅಂದರು. ಮೊದಲನೇ ಡಾಕ್ಟರು ತಲೆ ತೆರೆದು ಅದರ ಬಾಯಿಗೆ ಕ್ಲಿಪ್ ಹಾಕಿಬಿಡೋಣ, ಆಮೇಲೆ ಚಿಂತೆ ಇಲ್ಲ ಅಂದರು. ಎರಡನೆಯವರು ಆಪರೇಷನ್ ಯಾಕೆ, ರಕ್ತನಾಳದ ಒಳಗಿಂದಲೇ ಫ್ಲೋ ಡೈವರ್ಟರ್ ಅನ್ನುವ ಲೋಹದ ಬಲೆಯ ಕೊಳವೆ ಹಾಕೋಣ ಅಂದರು. ಮೂರನೆಯವರು ಈಗ ಏನೂ ಬೇಡ, ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಅಂದರು. ಮೂವರೂ ಹೆಸರು ಮಾಡಿದವರೇ. ಇವರಲ್ಲಿ ಇಬ್ಬರಾದರೂ ತಪ್ಪು ಹೇಳುತ್ತಿರಲೇಬೇಕು ಅಲ್ವಾ? ನಾಲ್ಕನೆಯವರನ್ನು ಕೇಳಿ, ಹೆಚ್ಚು ಜನ ಹೇಳಿದ್ದನ್ನು ಮಾಡಿಸೋಣವೇ? ಸಂಬಂಧಿಕರೆಲ್ಲ ‘ತಲೆಯೊಳಗೆ ಟೈಂ ಬಾಂಬ್’ ಅನ್ನುತ್ತಿದ್ದಾರೆ. ಅಕ್ಕ ಈಗ ಜೋರಾಗಿ ಕೆಮ್ಮೋದಕ್ಕೂ ಹೆದರುತ್ತಾರೆ.

ಉತ್ತರ: ಇಬ್ಬರು ತಪ್ಪು ಹೇಳುತ್ತಿರಲೇಬೇಕು ಅಂತೇನಿಲ್ಲ. ಮೂವರೂ ಪ್ರಾಮಾಣಿಕವಾಗಿ, ಓದಿಕೊಂಡು, ಯೋಚಿಸಿಯೇ ಹೇಳಿರಬಹುದು. ನಾನು ನರರೋಗ ತಜ್ಞ. ಕ್ಲಿಪ್ ಹಾಕುವವನೂ ಅಲ್ಲ, ರಕ್ತನಾಳದೊಳಗೆ ತಂತಿ ತೂರಿಸಿ ಚಿಕಿತ್ಸೆ ಮಾಡುವವನೂ ಅಲ್ಲ. ಆದರೆ ಆ ಎರಡೂ ಕೆಲಸ ಮಾಡುವವರ ಜೊತೆ ಒಂದೇ ಮೇಜಿಗೆ ಕೂತು ಇಂಥ ಸ್ಕ್ಯಾನ್‌ಗಳನ್ನು ನೋಡುವುದು ನನ್ನ ಕೆಲಸದ ಭಾಗ. ಸುಲಭದ ಅನ್ಯೂರಿಸಂ ಬಂದರೆ ಮಾತು ಎರಡು ನಿಮಿಷದಲ್ಲಿ ಮುಗಿಯುತ್ತದೆ. ನಿಮ್ಮ ಅಕ್ಕನಂಥ ಕೇಸು ಬಂದರೆ ಅರ್ಧ ಗಂಟೆ ಚರ್ಚೆ ನಡೆದು, ಕೊನೆಗೂ ಎರಡು ಅಭಿಪ್ರಾಯ ಉಳಿದಿರುತ್ತವೆ. ಇದು ಜಗಳ ಅಲ್ಲ, ನಮ್ಮ ವಿಷಯದಲ್ಲಿ ಇದು ಮಾಮೂಲು.

ಮೊದಲು ಆ ಟೈಂ ಬಾಂಬ್ ಮಾತನ್ನು ತೆಗೆದುಹಾಕೋಣ. ಬಾಂಬಿಗೆ ಸಮಯ ಇಟ್ಟಿರುತ್ತಾರೆ, ಅದು ಸಿಡಿದೇ ಸಿಡಿಯುತ್ತದೆ. ಅನ್ಯೂರಿಸಂ ಹಾಗಲ್ಲ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಜನರ ತಲೆಯಲ್ಲಿ ಒಂದು ಅನ್ಯೂರಿಸಂ ಇರುತ್ತದೆ. ಬಹುತೇಕರಿಗೆ ಅದು ಗೊತ್ತೇ ಆಗುವುದಿಲ್ಲ, ಒಡೆಯುವುದೂ ಇಲ್ಲ, ಬೇರೆ ಯಾವುದೋ ಕಾರಣಕ್ಕೆ ವಯಸ್ಸಾಗಿ ಹೋಗುತ್ತಾರೆ. ಸ್ಕ್ಯಾನ್ ಜಾಸ್ತಿಯಾದ ಹಾಗೆ ಇವು ಕಣ್ಣಿಗೆ ಬೀಳುವುದೂ ಜಾಸ್ತಿಯಾಗಿದೆ, ಅಷ್ಟೇ. ಅಂದಹಾಗೆ, ಅಕ್ಕನ ತಲೆಸುತ್ತಿಗೂ ಇದಕ್ಕೂ ಸಂಬಂಧ ಇರುವ ಸಾಧ್ಯತೆ ತೀರಾ ಕಡಿಮೆ. 8 ಮಿಲಿಮೀಟರಿನ, ಒಡೆಯದ ಉಬ್ಬು ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸದೆ ಸುಮ್ನೆ ಕೂತಿರುತ್ತದೆ. ತಲೆಸುತ್ತಿನ ಕಾರಣವನ್ನು ಬೇರೆಯಾಗಿ ಹುಡುಕಿಸಿ. ಈ ಗದ್ದಲದಲ್ಲಿ ಅದನ್ನು ಎಲ್ಲರೂ ಮರೆತಿರುತ್ತಾರೆ.

ಹಾಗಂತ ಇದು ಏನೂ ಅಲ್ಲ ಅಂತಲೂ ಹೇಳಲಾರೆ. ಒಡೆದರೆ ಅದು ದೊಡ್ಡ ಅನಾಹುತ. ಸುಮಾರು ಮೂರರಲ್ಲಿ ಒಬ್ಬರು ಉಳಿಯುವುದಿಲ್ಲ, ಉಳಿದವರಲ್ಲೂ ಅನೇಕರು ಮೊದಲಿನಂತೆ ಆಗುವುದಿಲ್ಲ. ಒಡೆಯುವ ಸಾಧ್ಯತೆ ಕಡಿಮೆ, ಒಡೆದರೆ ನಷ್ಟ ಭಾರಿ. ಇಂಥ ಲೆಕ್ಕ ಹಾಕುವುದು ಮನುಷ್ಯರಿಗೆ ಕಷ್ಟ. ಡಾಕ್ಟರುಗಳಿಗೂ ಕಷ್ಟ.

ಆ ಸಾಧ್ಯತೆ ಎಷ್ಟು ಅಂತ ಕೇಳುತ್ತೀರಿ. ಇಲ್ಲೇ ಮೊದಲ ಭಿನ್ನಾಭಿಪ್ರಾಯ ಶುರುವಾಗುತ್ತದೆ, ಸ್ವಲ್ಪ ನಿಧಾನವಾಗಿ ಓದಿ. ಒಡೆಯದ ಅನ್ಯೂರಿಸಂಗಳ ಬಗ್ಗೆ 2003ರಲ್ಲಿ ಬಂದ ಒಂದು ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ, ಮೆದುಳಿನ ಮುಂಭಾಗದ ರಕ್ತನಾಳಗಳಲ್ಲಿ 7ರಿಂದ 12 ಮಿಲಿಮೀಟರಿನ ಉಬ್ಬು ಐದು ವರ್ಷದಲ್ಲಿ ಒಡೆಯುವ ಸಾಧ್ಯತೆ ಶೇಕಡಾ 2.6. ಅಕ್ಕನ ಉಬ್ಬು ಈ ಗುಂಪಿಗೆ ಸೇರುತ್ತದೆ. ಮುಂದೆ 2014ರಲ್ಲಿ ಆರು ಅಧ್ಯಯನಗಳ 8,382 ರೋಗಿಗಳ ಮಾಹಿತಿ ಒಟ್ಟುಗೂಡಿಸಿ ‘ಫೇಸಸ್’ ಅನ್ನುವ ಸ್ಕೋರ್ ಮಾಡಿದರು. ಯಾವ ಜನಸಮುದಾಯ, ಬಿಪಿ ಇದೆಯೇ, ವಯಸ್ಸು 70 ದಾಟಿದೆಯೇ, ಗಾತ್ರ ಎಷ್ಟು, ಮೊದಲು ಇನ್ನೊಂದು ಅನ್ಯೂರಿಸಂ ಒಡೆದಿತ್ತೇ, ಇದು ಯಾವ ಜಾಗದಲ್ಲಿದೆ ಅಂತ ಅಂಕ ಕೊಡುತ್ತಾ ಹೋಗುವುದು. ಅಕ್ಕನಿಗೆ ಬಿಪಿಗೆ 1, ಗಾತ್ರಕ್ಕೆ 3, ಜಾಗಕ್ಕೆ 0, ಒಟ್ಟು 4 ಬರುತ್ತದೆ. (ಜಪಾನ್ ಮತ್ತು ಫಿನ್‌ಲೆಂಡಿನವರಿಗೆ ಹೆಚ್ಚು ಅಂಕ, ಅಕ್ಕನಿಗೆ ಅದು ಅನ್ವಯಿಸುವುದಿಲ್ಲ ಅಂದುಕೊಂಡಿದ್ದೇನೆ.) 4 ಅಂಕಕ್ಕೆ ಐದು ವರ್ಷದ ಅಪಾಯ ಶೇಕಡಾ 0.9.

ನೋಡಿ, ಒಬ್ಬರೇ ರೋಗಿ, ಒಂದೇ ಉಬ್ಬು. ಒಂದು ಲೆಕ್ಕದಲ್ಲಿ 2.6, ಇನ್ನೊಂದರಲ್ಲಿ 0.9. ಎರಡೂ ಒಳ್ಳೆಯ ಅಧ್ಯಯನಗಳೇ. ಆದರೆ ಎರಡರಲ್ಲೂ ಒಂದು ತೊಡಕಿದೆ. ಹೀಗೆ ವರ್ಷಗಟ್ಟಲೆ ಗಮನಿಸುತ್ತಾ ಬಂದವರಲ್ಲಿ ಹೆಚ್ಚಿನವರು ‘ಸದ್ಯ ಏನೂ ಮಾಡುವುದು ಬೇಡ’ ಅಂತ ಡಾಕ್ಟರುಗಳೇ ಆರಿಸಿ ಬಿಟ್ಟವರು. ಹೆಚ್ಚು ಅಪಾಯ ಅನ್ನಿಸಿದವರಿಗೆ ಮೊದಲೇ ಚಿಕಿತ್ಸೆ ಆಗಿಬಿಟ್ಟಿರುತ್ತದೆ. ಹಾಗಾಗಿ ಈ ಅಂಕಿಗಳು ನಿಜವಾದ ಅಪಾಯಕ್ಕಿಂತ ಕಡಿಮೆ ತೋರಿಸುತ್ತಿವೆ ಅಂತ ಒಬ್ಬ ಸರ್ಜನ್ ವಾದಿಸಿದರೆ ಅದನ್ನು ತಳ್ಳಿಹಾಕಲು ಆಗುವುದಿಲ್ಲ. ಇನ್ನೂ ಒಂದು ಮಾತು. ಈ ಲೆಕ್ಕ ಐದು ವರ್ಷದ್ದು, ಅಕ್ಕನ ಮುಂದೆ ಇನ್ನೂ ಮೂವತ್ತು ವರ್ಷ ಇರಬಹುದು. ಐದು ವರ್ಷದ ಅಪಾಯವನ್ನು ಆರರಿಂದ ಗುಣಿಸಬೇಕೇ? ಕೆಲವರು ಗುಣಿಸುತ್ತಾರೆ. ಹಾಗೆ ಗುಣಿಸಬಾರದು ಅನ್ನುವವರಿದ್ದಾರೆ, ಯಾಕೆಂದರೆ ಬಹಳ ವರ್ಷ ಬೆಳೆಯದೆ ಉಳಿದ ಉಬ್ಬು ಮುಂದೆಯೂ ಅದೇ ವೇಗದಲ್ಲಿ ಅಪಾಯ ತರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ನಿಮ್ಮ ಮೊದಲನೇ ಡಾಕ್ಟರು ಮತ್ತು ಮೂರನೇ ಡಾಕ್ಟರು ಬೇರೆ ಬೇರೆ ದಾರಿ ಹಿಡಿದದ್ದು ಬಹುಶಃ ಇಲ್ಲೇ.

ತಕ್ಕಡಿಯ ಇನ್ನೊಂದು ಕಡೆ ಚಿಕಿತ್ಸೆಯ ಅಪಾಯ ಇದೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2019ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಒಡೆಯದ ಅನ್ಯೂರಿಸಂಗೆ ರಕ್ತನಾಳದ ಒಳಗಿನಿಂದ ಮಾಡುವ ಚಿಕಿತ್ಸೆಯಲ್ಲಿ ಸುಮಾರು ಶೇಕಡಾ 5 ಜನರಿಗೆ ತೊಡಕುಗಳಾದವು, ತಲೆ ತೆರೆದು ಮಾಡುವ ಸರ್ಜರಿಯಲ್ಲಿ ಸುಮಾರು ಶೇಕಡಾ 8 ಜನರಿಗೆ. ಸಾವು ಎರಡರಲ್ಲೂ ಅಪರೂಪ, ಕ್ರಮವಾಗಿ ಶೇಕಡಾ 0.3 ಮತ್ತು 0.1. ತೊಡಕು ಅಂದರೆ ಎಲ್ಲವೂ ಶಾಶ್ವತ ಹಾನಿ ಅಲ್ಲ, ಕೆಲವು ವಾರಗಳಲ್ಲಿ ಸರಿಹೋಗುವುದೂ ಇದರಲ್ಲಿ ಸೇರಿದೆ. ಇವು ಎಲ್ಲ ಬಗೆಯ ಅನ್ಯೂರಿಸಂಗಳ ಸರಾಸರಿ. ಅಗಲ ಬಾಯಿಯ, ಇಕ್ಕಟ್ಟು ಜಾಗದ ಉಬ್ಬಿಗೆ ಸರಾಸರಿ ಅಂಕಿ ಹೇಳಿ ಧೈರ್ಯ ತುಂಬುವುದು ನನಗೆ ಸರಿ ಅನ್ನಿಸುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಡಾಕ್ಟರುಗಳು ಯಾಕೆ ಒಪ್ಪುವುದಿಲ್ಲ? ಇದನ್ನೇ ಅಳೆದು ನೋಡಿದ ಅಧ್ಯಯನಗಳಿವೆ. ವಿಧಾನ ಸರಳ. ಕೆಲವು ರೋಗಿಗಳ ಸ್ಕ್ಯಾನ್ ಮತ್ತು ವಿವರಗಳನ್ನು, ಹೆಸರು ತೆಗೆದು, ಹತ್ತಾರು ತಜ್ಞರಿಗೆ ಕಳಿಸುತ್ತಾರೆ. ನೀವಾದರೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಎಲ್ಲರ ಉತ್ತರಗಳು ಎಷ್ಟು ಹೊಂದುತ್ತವೆ ಅನ್ನುವುದನ್ನು ‘ಕಪ್ಪಾ’ ಅನ್ನುವ ಅಂಕಿಯಲ್ಲಿ ಹೇಳುತ್ತಾರೆ. ಎಲ್ಲರೂ ಒಂದೇ ಉತ್ತರ ಕೊಟ್ಟರೆ 1. ಕಣ್ಣು ಮುಚ್ಚಿ ಚೀಟಿ ಎತ್ತಿದರೆ ಎಷ್ಟು ಹೊಂದುತ್ತಿತ್ತೋ ಅಷ್ಟೇ ಹೊಂದಿದರೆ 0. ಒಂದು ಚಿಕಿತ್ಸೆಯ ಬಗ್ಗೆ ವೈದ್ಯರಲ್ಲಿ ಒಮ್ಮತ ಇದೆ ಅನ್ನಬೇಕಾದರೆ 0.6ಕ್ಕಿಂತ ಮೇಲಿರಬೇಕು ಅನ್ನುವುದು ರೂಢಿ. ಒಡೆಯದ ಅನ್ಯೂರಿಸಂಗಳ ವಿಷಯದಲ್ಲಿ ಅಷ್ಟು ಬರುವುದಿಲ್ಲ, ತುಂಬಾ ಕೆಳಗೇ ನಿಲ್ಲುತ್ತದೆ. ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಈ ಬಗ್ಗೆ ಸಾಕಷ್ಟು ಕೆಲಸ ಮಾಡಿದ್ದಾರೆ. ಅವರು ಕಷ್ಟದ ಅನ್ಯೂರಿಸಂಗಳನ್ನೇ ಆರಿಸಿ, ಇಲ್ಲಿ ಫ್ಲೋ ಡೈವರ್ಟರ್ ಹಾಕಬಹುದೇ ಅಂತ ಕೇಳಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲೂ ತಜ್ಞರ ಉತ್ತರಗಳು ಹೊಂದಲಿಲ್ಲ.

ಸರ್ಜನ್ ಆದವರು ಸರ್ಜರಿ ಅನ್ನುತ್ತಾರೆ, ತಂತಿ ತೂರಿಸುವವರು ತಂತಿ ಅನ್ನುತ್ತಾರೆ, ಇದರಲ್ಲಿ ಏನು ಆಶ್ಚರ್ಯ ಅಂತ ನಿಮಗೆ ಅನ್ನಿಸಬಹುದು. ಅದರಲ್ಲಿ ಸ್ವಲ್ಪ ಸತ್ಯ ಇದೆ. ದಿನಾ ಯಾವ ಕೆಲಸ ಮಾಡುತ್ತೇವೋ ಅದರ ಮೇಲೆ ನಂಬಿಕೆ ಜಾಸ್ತಿ. ಆದರೆ ಅಷ್ಟಕ್ಕೇ ಇದು ಮುಗಿಯುವುದಿಲ್ಲ. ಒಂದೇ ವಿಭಾಗದಲ್ಲಿ, ಒಂದೇ ತರಬೇತಿ ಪಡೆದವರ ನಡುವೆಯೂ ಒಮ್ಮತ ಇರುವುದಿಲ್ಲ. ನಮ್ಮ ಮೇಜಿನಲ್ಲೇ ನೋಡಿದ್ದೇನೆ, ಇಬ್ಬರು ಸರ್ಜನ್‌ಗಳಲ್ಲಿ ಒಬ್ಬರು ‘ನಾಳೆಯೇ ಮಾಡೋಣ’ ಅನ್ನುತ್ತಾರೆ, ಪಕ್ಕದಲ್ಲಿ ಕೂತವರು ‘ಮುಟ್ಟಲೇಬೇಡಿ’ ಅನ್ನುತ್ತಾರೆ. ಹಾಗಾಗಿ ಎರಡನೇ ಡಾಕ್ಟರು ಮಾರಾಟಕ್ಕೆ ನಿಂತಿದ್ದಾರೆ, ಮೂರನೆಯವರಿಗೆ ಕೈ ನಡುಗುತ್ತದೆ ಅಂತೆಲ್ಲ ತೀರ್ಮಾನಕ್ಕೆ ಬರಬೇಡಿ.

2015ರಲ್ಲೇ ಇನ್ನೊಂದು ಪ್ರಯತ್ನ ಆಯಿತು. ಜಗತ್ತಿನ ಹಲವು ಕಡೆಯ 69 ತಜ್ಞರು ಸೇರಿ, ಸುತ್ತಿನ ಮೇಲೆ ಸುತ್ತು ಅಭಿಪ್ರಾಯ ಹಂಚಿಕೊಂಡು, ಒಂದು ಸ್ಕೋರ್ ರೂಪಿಸಿದರು. ಅದರ ಹೆಸರು ಯುಐಎಟಿಎಸ್. ಅದರಲ್ಲಿ ಎರಡು ಕಾಲಂ ಇವೆ, ಚಿಕಿತ್ಸೆ ಮಾಡಲು ಇರುವ ಕಾರಣಗಳಿಗೆ ಒಂದು, ಕಾಯಲು ಇರುವ ಕಾರಣಗಳಿಗೆ ಒಂದು. ಎರಡರ ವ್ಯತ್ಯಾಸ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಕಡೆಗೆ ಸಲಹೆ. ಅದಕ್ಕಿಂತ ಕಡಿಮೆ ಬಂದರೆ? ‘ಸ್ಪಷ್ಟವಾಗಿ ಹೇಳಲಾಗದು, ಎರಡೂ ಸರಿ’. ನನಗೆ ಈ ಸ್ಕೋರಿನಲ್ಲಿ ಇಷ್ಟವಾದದ್ದು ಇದೇ. ಒಮ್ಮತ ಸಾಧಿಸಲೆಂದೇ ಕೂತವರು ಕೂಡ ‘ಗೊತ್ತಿಲ್ಲ’ ಅನ್ನುವುದಕ್ಕೆ ಒಂದು ಜಾಗ ಬಿಟ್ಟರು. ಕಷ್ಟದ ಕೇಸುಗಳು ಎಷ್ಟೋ ಸಲ ಆ ಜಾಗದಲ್ಲೇ ಬೀಳುತ್ತವೆ.

ಮೂಲ ಕಾರಣ ಇನ್ನೂ ಕೆಳಗಿದೆ. ಸರಿಯಾದ ಪ್ರಯೋಗಗಳೇ ಆಗಿಲ್ಲ. ಕ್ಲಿಪ್ಪಿಂಗ್ ಮತ್ತು ಕಾಯ್ಲಿಂಗ್ (ಉಬ್ಬಿನೊಳಗೆ ಲೋಹದ ಸುರುಳಿ ತುಂಬುವುದು) ಹೋಲಿಸಿದ, 2002ರಲ್ಲಿ ಪ್ರಕಟವಾದ ‘ಐಸ್ಯಾಟ್’ ಪ್ರಯೋಗದ ಹೆಸರನ್ನು ನಿಮಗೆ ಯಾರಾದರೂ ಹೇಳಿರಬಹುದು. ಒಂದು ವರ್ಷದ ನಂತರ ಸತ್ತವರು ಅಥವಾ ಬೇರೆಯವರನ್ನು ಅವಲಂಬಿಸಿದವರು ಕಾಯ್ಲಿಂಗ್ ಗುಂಪಿನಲ್ಲಿ ಶೇಕಡಾ 23.7, ಕ್ಲಿಪ್ಪಿಂಗ್ ಗುಂಪಿನಲ್ಲಿ ಶೇಕಡಾ 30.6. ದೊಡ್ಡ ವ್ಯತ್ಯಾಸವೇ. ಆದರೆ ಅದು ಒಡೆದ ಅನ್ಯೂರಿಸಂಗಳ ಪ್ರಯೋಗ. ಅದೂ 9,559 ಜನರನ್ನು ಪರಿಶೀಲಿಸಿ 2,143 ಜನರನ್ನು ಮಾತ್ರ ಸೇರಿಸಿಕೊಂಡರು, ಯಾಕೆಂದರೆ ಎರಡೂ ಚಿಕಿತ್ಸೆ ಸಾಧ್ಯ ಅಂತ ಸರ್ಜನ್‌ಗೂ ಕಾಯ್ಲಿಂಗ್ ಮಾಡುವವರಿಗೂ ಅನ್ನಿಸಿದವರಷ್ಟೇ ಬೇಕಿತ್ತು. ಅಂದರೆ ಕಷ್ಟದ ಕೇಸುಗಳು ಬಹುತೇಕ ಹೊರಗೇ ಉಳಿದವು. ‘ಐಸ್ಯಾಟ್ ಪ್ರಕಾರ’ ಅಂತ ಯಾರಾದರೂ ನಿಮ್ಮ ಅಕ್ಕನಿಗೆ ಸಲಹೆ ಕೊಟ್ಟರೆ, ಅದು ಇಲ್ಲಿಗೆ ಅನ್ವಯಿಸುವುದಿಲ್ಲ ಅಂತ ಧೈರ್ಯವಾಗಿ ಹೇಳಿ.

ಒಡೆಯದ ಉಬ್ಬುಗಳಿಗೆ ಕಾಯ್ಲಿಂಗ್ ಮಾಡಬೇಕೇ ಅಥವಾ ಕಾಯಬೇಕೇ ಅನ್ನುವುದನ್ನೇ ಪರೀಕ್ಷಿಸಲು ‘ಟೀಮ್’ ಅನ್ನುವ ಪ್ರಯೋಗ ಶುರುವಾಗಿತ್ತು. 80 ಜನ ಸೇರುವಷ್ಟರಲ್ಲಿ ನಿಂತುಹೋಯಿತು. ಸಾವಿರಾರು ಜನ ಬೇಕಿದ್ದ ಪ್ರಯೋಗ ಅದು. ಡಾಕ್ಟರುಗಳಿಗೆ ಅವರವರ ಉತ್ತರದ ಮೇಲೆ ಎಷ್ಟು ಭರವಸೆ ಅಂದರೆ, ರೋಗಿಯನ್ನು ಪ್ರಯೋಗಕ್ಕೆ ಬಿಡಲು ಮನಸ್ಸು ಬರುವುದಿಲ್ಲ. ತಮಾಷೆ ನೋಡಿ, ಒಬ್ಬೊಬ್ಬರಿಗೂ ಖಚಿತವಾಗಿ ಗೊತ್ತು, ಆದರೆ ಒಬ್ಬೊಬ್ಬರಿಗೆ ಗೊತ್ತಿರುವುದು ಒಂದೊಂದು.

ಸರಿ, ಈಗ ಅಕ್ಕನ ಮುಂದಿರುವ ದಾರಿಗಳು. ಸ್ಕ್ಯಾನ್ ನಾನು ನೋಡಿಲ್ಲ, ನೀವು ಬರೆದದ್ದರ ಮೇಲೆ ಹೇಳುತ್ತಿದ್ದೇನೆ.

ಕ್ಲಿಪ್ಪಿಂಗ್ ಹಳೆಯ ದಾರಿ. ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ಅನ್ಯೂರಿಸಂ ಬಾಯಿಗೆ ಮೊದಲ ಬಾರಿ ಕ್ಲಿಪ್ ಹಾಕಿದರು. ಸರಿಯಾಗಿ ಕೂತರೆ ಬಹಳ ಬಾಳಿಕೆ ಬರುತ್ತದೆ, ಮತ್ತೆ ಮತ್ತೆ ಚಿಕಿತ್ಸೆ ಬೇಕಾಗುವುದು ಅಪರೂಪ. ಮೊದಲನೇ ಡಾಕ್ಟರು ‘ಆಮೇಲೆ ಚಿಂತೆ ಇಲ್ಲ’ ಅಂದದ್ದು ಅದಕ್ಕೇ. ಆದರೆ ಕಣ್ಣಿನ ಕವಲಿನ ಹತ್ತಿರದ ಉಬ್ಬು ಬೇರೆ ಕಡೆಯದ್ದರ ಹಾಗಲ್ಲ. ಅಲ್ಲಿ ತಲೆಬುರುಡೆಯ ತಳದ ಒಂದು ಮೂಳೆಯನ್ನು ಕೊರೆದು ದಾರಿ ಮಾಡಿಕೊಳ್ಳಬೇಕಾಗುತ್ತದೆ. ದೃಷ್ಟಿಯ ನರ ಅದಕ್ಕೆ ಅಂಟಿಕೊಂಡ ಹಾಗೇ ಇರುತ್ತದೆ. ಆ ಕಣ್ಣಿನ ದೃಷ್ಟಿ ಕುಂದುವ ಅಪಾಯ ಈ ಜಾಗದ ಸರ್ಜರಿಗೆ ಇರುವ ವಿಶೇಷ ಅಪಾಯ. ಸ್ಟ್ರೋಕ್, ಫಿಟ್ಸ್, ಸೋಂಕು, ಕೆಲವು ವಾರಗಳಿಂದ ತಿಂಗಳುಗಳವರೆಗಿನ ಸುಸ್ತು ಇವೆಲ್ಲ ಎಲ್ಲ ಕಡೆ ಇರುವಂಥವು. ಈ ಜಾಗದಲ್ಲಿ ಎಷ್ಟು ಕ್ಲಿಪ್ ಹಾಕಿದ್ದೀರಿ, ದೃಷ್ಟಿಗೆ ಏನಾಯಿತು ಅಂತ ಅವರನ್ನು ನೇರವಾಗಿ ಕೇಳಿ. ಒಳ್ಳೆಯ ಸರ್ಜನ್‌ಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ.

ಕಾಯ್ಲಿಂಗ್ ಬಗ್ಗೆ ಯಾರೂ ನಿಮಗೆ ಹೇಳಿಲ್ಲ, ಅದಕ್ಕೆ ಕಾರಣ ಅಗಲವಾದ ಬಾಯಿ. ತೊಡೆಸಂದಿಯಿಂದ ಅಥವಾ ಮಣಿಕಟ್ಟಿನಿಂದ ಸಣ್ಣ ಕೊಳವೆ ತೂರಿಸಿ, ಪ್ಲಾಟಿನಂ ಸುರುಳಿಗಳನ್ನು ಉಬ್ಬಿನೊಳಗೆ ತುಂಬುವುದು ಕಾಯ್ಲಿಂಗ್. ಬಾಯಿ ಅಗಲ ಇದ್ದರೆ ಸುರುಳಿ ಒಳಗೆ ನಿಲ್ಲದೆ ಮುಖ್ಯ ರಕ್ತನಾಳಕ್ಕೆ ಜಾರಬಹುದು, ಹಾಗಾಗಿ ಸ್ಟೆಂಟ್ ಇಟ್ಟು ತಡೆಯಬೇಕು. ಇನ್ನೊಂದು ತೊಂದರೆ, ಕಾಯ್ಲಿಂಗ್ ಆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಉಬ್ಬು ಸ್ವಲ್ಪ ಮಟ್ಟಿಗೆ ಮತ್ತೆ ತೆರೆದುಕೊಳ್ಳುತ್ತದೆ, ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೊಮ್ಮೆ ಚಿಕಿತ್ಸೆ ಬೇಕಾಗುತ್ತದೆ.

ಫ್ಲೋ ಡೈವರ್ಟರ್ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಯಾಕೆಂದರೆ ಹೆಚ್ಚಿನ ತಪ್ಪು ಕಲ್ಪನೆ ಇದರ ಬಗ್ಗೆಯೇ ಇದೆ. ಇದು ಒತ್ತೊತ್ತಾಗಿ ಹೆಣೆದ ಲೋಹದ ಬಲೆಯ ಕೊಳವೆ. ಉಬ್ಬಿನೊಳಗೆ ಏನನ್ನೂ ತುಂಬುವುದಿಲ್ಲ, ಬಾಯಿಗೆ ಅಡ್ಡವಾಗಿ ಮುಖ್ಯ ರಕ್ತನಾಳದಲ್ಲೇ ಕೂರಿಸುತ್ತಾರೆ. ರಕ್ತ ನೇರವಾಗಿ ಹರಿದುಹೋಗುತ್ತದೆ, ಉಬ್ಬಿನೊಳಗಿನ ರಕ್ತ ನಿಧಾನವಾಗಿ ಹೆಪ್ಪುಗಟ್ಟುತ್ತದೆ, ಬಲೆಯ ಮೇಲೆ ರಕ್ತನಾಳದ ಒಳಪದರ ಬೆಳೆಯುತ್ತದೆ. ಇದು ಅವತ್ತೇ ಮುಗಿಯುವ ಕೆಲಸ ಅಲ್ಲ. ಆರು ತಿಂಗಳು, ವರ್ಷ ಹಿಡಿಯಬಹುದು. ‘ಹಾಕಿಸಿಕೊಂಡ ದಿನದಿಂದ ಸೇಫ್’ ಅನ್ನುವುದು ತಪ್ಪು. ಅಷ್ಟು ದಿನ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್‌ನಂಥ ಎರಡು ಮಾತ್ರೆ ಒಟ್ಟಿಗೆ ತಪ್ಪದೆ ತಗೋಬೇಕು. ತಪ್ಪಿಸಿದರೆ ಬಲೆಯಲ್ಲೇ ರಕ್ತ ಕಟ್ಟಿ ಸ್ಟ್ರೋಕ್ ಆಗಬಹುದು. ತಗೊಂಡರೆ ಬೇರೆ ಕಡೆ ರಕ್ತಸ್ರಾವದ ಅಪಾಯ. ಆ ಸಮಯದಲ್ಲಿ ಇನ್ನೊಂದು ಆಪರೇಷನ್ ಬೇಕಾಗಿ ಬಂದರೆ ದೊಡ್ಡ ತಲೆನೋವು. ಕೆಲವರ ದೇಹದಲ್ಲಿ ಕ್ಲೊಪಿಡೊಗ್ರೆಲ್ ಸರಿಯಾಗಿ ಕೆಲಸ ಮಾಡುವುದೇ ಇಲ್ಲ, ಅದು ವಂಶವಾಹಿಗೆ ಸಂಬಂಧಪಟ್ಟ ವಿಷಯ. ಅಕ್ಕನಿಗೆ ಇದನ್ನು ಪರೀಕ್ಷೆ ಮಾಡುತ್ತೀರಾ, ಕೆಲಸ ಮಾಡದಿದ್ದರೆ ಯಾವ ಮಾತ್ರೆ ಕೊಡುತ್ತೀರಿ ಅಂತ ಕೇಳಿ. ಒಮ್ಮೆ ಕೂತ ಬಲೆಯನ್ನು ಆಮೇಲೆ ತೆಗೆಯಲು ಆಗುವುದಿಲ್ಲ ಅನ್ನುವುದೂ ನೆನಪಿರಲಿ.

ಇದರ ಪುರಾವೆ ಎರಡು ಬಗೆಯದ್ದಿದೆ. ಕೆರೋಟಿಡ್‌ನ ದೊಡ್ಡ, ಅಗಲ ಬಾಯಿಯ ಉಬ್ಬುಗಳಲ್ಲಿ ಮಾಡಿದ ಒಂದು ಅಧ್ಯಯನ 2013ರಲ್ಲಿ ಬಂತು. ಆರು ತಿಂಗಳಿಗೆ ಶೇಕಡಾ 73.6 ಉಬ್ಬುಗಳು ಪೂರ್ತಿ ಮುಚ್ಚಿದ್ದವು, ಶೇಕಡಾ 5.6 ಜನರಿಗೆ ದೊಡ್ಡ ಸ್ಟ್ರೋಕ್ ಅಥವಾ ಮೆದುಳಿನ ಕಾರಣದ ಸಾವು ಆಗಿತ್ತು. ಚೆನ್ನಾಗಿದೆ, ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ಆಮೇಲೆ ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಫ್ಲೋ ಡೈವರ್ಟರನ್ನು ಬೇರೆ ಚಿಕಿತ್ಸೆಗಳ ಜೊತೆ ಹೋಲಿಸಿದ ‘ಫಿಯಾಟ್’ ಪ್ರಯೋಗ ನಡೆಯಿತು. ಸಾವು ಮತ್ತು ಅಂಗವೈಕಲ್ಯ ಮೊದಲೇ ಹಾಕಿಕೊಂಡಿದ್ದ ಮಿತಿ ದಾಟಿದ್ದರಿಂದ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಅಲ್ಲಿ ತೀರಾ ಕಷ್ಟದ, ಬೇರೆ ಬೇರೆ ಜಾಗದ ಕೇಸುಗಳೂ ಇದ್ದವು ಅನ್ನುವುದು ನಿಜ. ಮೆದುಳಿನ ಹಿಂಭಾಗದ ರಕ್ತನಾಳದಲ್ಲಿ ಸಣ್ಣ ಸಣ್ಣ ಕವಲುಗಳು ಮುಚ್ಚಿಹೋಗುವ ಭಯ ಹೆಚ್ಚು, ಅಕ್ಕನ ಉಬ್ಬಿರುವ ಕೆರೋಟಿಡ್ ಈ ಸಾಧನಕ್ಕೆ ಹೆಚ್ಚು ಹೊಂದುವ ಜಾಗ. ಆದರೂ ‘ಹೊಸದು, ಆದ್ದರಿಂದ ಒಳ್ಳೆಯದು’ ಅಂತ ಅಂದುಕೊಳ್ಳುವ ಹಾಗಿಲ್ಲ.

ಕಾಯುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಬಿಪಿ ಹತೋಟಿಯಲ್ಲಿಡಬೇಕು, ಮನೆಯಲ್ಲೇ ಅಳೆದು ಬರೆದಿಡುವುದು ಒಳ್ಳೆಯದು. ಸಿಗರೇಟ್ ಇದ್ದರೆ ಪೂರ್ತಿ ಬಿಡಬೇಕು, ಇದರಲ್ಲಿ ಯಾವ ಡಾಕ್ಟರಿಗೂ ಭಿನ್ನಾಭಿಪ್ರಾಯ ಇಲ್ಲ. ಮೊದಲ ಸ್ಕ್ಯಾನ್ 6ರಿಂದ 12 ತಿಂಗಳೊಳಗೆ, ಆಮೇಲೆ ಬದಲಾವಣೆ ಇಲ್ಲದಿದ್ದರೆ ಅಂತರ ಹೆಚ್ಚಿಸುತ್ತಾ ಹೋಗಬಹುದು. ಉಬ್ಬು ಬೆಳೆದಿದ್ದರೆ ಲೆಕ್ಕವೇ ಬದಲಾಗುತ್ತದೆ, ಕಾಯಿರಿ ಅಂದವರೇ ಚಿಕಿತ್ಸೆ ಮಾಡಿ ಅನ್ನುತ್ತಾರೆ. ಈ ದಾರಿಯ ಅಪಾಯ ಏನೆಂದರೆ ಎರಡು ಸ್ಕ್ಯಾನ್‌ಗಳ ನಡುವೆ ಒಡೆಯಬಹುದು, ಮುನ್ಸೂಚನೆ ಕೊಟ್ಟೇ ಒಡೆಯುತ್ತದೆ ಅಂತಿಲ್ಲ. ಇನ್ನೊಂದು ಅಪಾಯವನ್ನು ನಾವು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದು ದಿನಾ ಹೆದರಿಕೊಂಡು ಬದುಕುವುದು. ಕೆಲವರು ರಿಪೋರ್ಟನ್ನು ಕಪಾಟಿನಲ್ಲಿಟ್ಟು ಆರಾಮಾಗಿರುತ್ತಾರೆ, ಕೆಲವರಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಇವರಿಬ್ಬರಿಗೂ ಒಂದೇ ಸಲಹೆ ಹೇಗೆ ಸರಿಹೋಗುತ್ತದೆ?

ನನ್ನ ಒಲವು ಕೇಳಿದರೆ ಹೇಳುತ್ತೇನೆ. ಉಬ್ಬಿನ ಗೋಡೆ ನುಣ್ಣಗಿದ್ದು, ಅದರ ಮೇಲೆ ಇನ್ನೊಂದು ಪುಟ್ಟ ಗುಳ್ಳೆ ಇಲ್ಲದಿದ್ದರೆ, ಮನೆಯಲ್ಲಿ ಯಾರಿಗೂ ಅನ್ಯೂರಿಸಂ ಒಡೆದ ಇತಿಹಾಸ ಇಲ್ಲದಿದ್ದರೆ, ಮೊದಲ ಮರು ಸ್ಕ್ಯಾನ್‌ವರೆಗೆ ಕಾಯುವುದು ಹೇಡಿತನ ಅಲ್ಲ, ಅದೊಂದು ಒಳ್ಳೆಯ ನಿರ್ಧಾರ. ಗುಳ್ಳೆ ಇದ್ದರೆ, ಬೆಳೆಯುತ್ತಿದ್ದರೆ, ಚಿಕಿತ್ಸೆ ಕಡೆಗೆ ವಾಲುತ್ತೇನೆ. ಜಪಾನಿನ ದೊಡ್ಡ ಅಧ್ಯಯನದಲ್ಲಿ ಅಂಥ ಗುಳ್ಳೆ ಇದ್ದ ಉಬ್ಬುಗಳು ಒಡೆದದ್ದು ಹೆಚ್ಚು. ಚಿಕಿತ್ಸೆ ಅಂತಾದರೆ ಈ ಜಾಗಕ್ಕೆ ನಾನು ಮೊದಲು ಫ್ಲೋ ಡೈವರ್ಟರ್ ಮಾಡುವವರ ಜೊತೆ ಮಾತಾಡುತ್ತಿದ್ದೆ, ಅಕ್ಕ ಎರಡು ಮಾತ್ರೆಗಳನ್ನು ತಪ್ಪದೆ ತಗೊಳ್ಳಬಲ್ಲರು ಅನ್ನುವ ಷರತ್ತಿನ ಮೇಲೆ. ಇದು ನನ್ನ ಮಾತು. ನನ್ನ ಪಕ್ಕ ಕೂರುವ ಸರ್ಜನ್ ಒಪ್ಪುವುದಿಲ್ಲ ಅಂತ ನನಗೆ ಗೊತ್ತು.

ಹಾಗಾಗಿ ನಾಲ್ಕನೇ ಡಾಕ್ಟರು, ಬಹುಮತ, ಇದು ಬೇಡ. ನಾಲ್ವರಲ್ಲಿ ಇಬ್ಬರು ಒಂದೇ ಮಾತು ಹೇಳಿದರೂ ಅದರಿಂದ ಏನೂ ಸಾಬೀತಾಗುವುದಿಲ್ಲ, ನೀವು ಯಾರ ಹತ್ತಿರ ಹೋದಿರಿ ಅನ್ನುವುದಷ್ಟೇ ಗೊತ್ತಾಗುತ್ತದೆ. ಅದರ ಬದಲು ಎರಡೂ ಬಗೆಯ ಚಿಕಿತ್ಸೆ ಮಾಡುವ, ಇಂಥ ಕೇಸುಗಳನ್ನು ಹೆಚ್ಚಾಗಿ ನೋಡುವ ಒಂದು ಆಸ್ಪತ್ರೆಯಲ್ಲಿ, ಎರಡೂ ಕಡೆಯವರು ಒಟ್ಟಿಗೆ ಕೂತು ಅಕ್ಕನ ಸ್ಕ್ಯಾನ್ ನೋಡುವಂತೆ ಕೇಳಿಕೊಳ್ಳಿ. ಆಮೇಲೆ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: ನಿಮ್ಮ ಅಭಿಪ್ರಾಯ ಬದಲಾಗಬೇಕಾದರೆ ಸ್ಕ್ಯಾನ್‌ನಲ್ಲಿ ಏನು ಕಾಣಬೇಕು? ಇದಕ್ಕೆ ಸರಿಯಾದ ಉತ್ತರ ಕೊಡುವವರು ಯೋಚಿಸಿ ಹೇಳುತ್ತಿದ್ದಾರೆ. ಇಂಥ ಕೇಸಿನಲ್ಲಿ ‘ಇದೊಂದೇ ದಾರಿ, ಬೇರೆ ಮಾಡುವವರು ಮೂರ್ಖರು’ ಅನ್ನುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ. ಎಲ್ಲಾದರೂ ಪ್ರಯೋಗ ನಡೆಯುತ್ತಿದ್ದು ಸೇರುತ್ತೀರಾ ಅಂತ ಕೇಳಿದರೆ, ನಮ್ಮನ್ನು ಗಿನಿಪಿಗ್ ಮಾಡುತ್ತಿದ್ದಾರೆ ಅಂತ ಎದ್ದು ಬರಬೇಡಿ. ತಜ್ಞರೇ ಒಪ್ಪದ ಜಾಗದಲ್ಲಿ ಪ್ರಯೋಗದೊಳಗೆ ಇರುವುದು ಹೊರಗಿರುವುದಕ್ಕಿಂತ ಕೆಟ್ಟದ್ದೇನಲ್ಲ, ಅಲ್ಲಿ ಕಣ್ಣಿಟ್ಟು ನೋಡುವವರಾದರೂ ಇರುತ್ತಾರೆ.

ನಿಮ್ಮ ಪತ್ರದಲ್ಲಿ ಮೂರು ಡಾಕ್ಟರುಗಳ ಮಾತಿದೆ, ಸಂಬಂಧಿಕರ ಮಾತಿದೆ, ನಿಮ್ಮದೂ ಇದೆ. ಅಕ್ಕನಿಗೆ ಏನು ಬೇಕು ಅನ್ನುವುದು ಮಾತ್ರ ಇಲ್ಲ. ವೈದ್ಯಶಾಸ್ತ್ರ ಎರಡೂ ಸರಿ ಅನ್ನುವ ಕಡೆ, ತೂಕ ಇರುವುದು ಅವರ ಮಾತಿಗೇ. ಈಗಲೇ ಒಂದು ಅಪಾಯ ಎದುರಿಸಿ ಮುಗಿಸಿಬಿಡುತ್ತೇನೆ ಅನ್ನುವವರು ಇದ್ದಾರೆ. ಚೆನ್ನಾಗಿರುವ ನನ್ನನ್ನು ಮುಟ್ಟಬೇಡಿ, ಆದದ್ದಾಗಲಿ ಅನ್ನುವವರೂ ಇದ್ದಾರೆ. ಅವರ ಕೆಲಸಕ್ಕೆ ದೃಷ್ಟಿ ಎಷ್ಟು ಮುಖ್ಯ, ಎರಡು ಮಾತ್ರೆ ತಿಂಗಳುಗಟ್ಟಲೆ ತಪ್ಪದೆ ತಗೋತಾರಾ, ಕಾಯುವ ಹೊತ್ತಿನಲ್ಲಿ ನಿದ್ದೆ ಮಾಡುತ್ತಾರಾ, ಇದನ್ನು ಅವರ ಬಾಯಿಂದಲೇ ಕೇಳಿ. ನೀವು ಅವರ ಪರವಾಗಿ ಉತ್ತರ ಹೇಳಬೇಡಿ, ಪ್ರೀತಿಯಿಂದಾದರೂ ಬೇಡ. ಇದಕ್ಕೆಲ್ಲ ಸಮಯ ಇದೆ. ಕೆಲವು ವಾರ ತಗೊಂಡು ಯೋಚಿಸಿದರೆ ನಷ್ಟ ಇಲ್ಲ. ಮರು ಸ್ಕ್ಯಾನ್ ಮಾತ್ರ ತಪ್ಪಿಸಬೇಡಿ.

ಕೆಮ್ಮಿನ ವಿಷಯಕ್ಕೆ ಬರೋಣ. ಅನ್ಯೂರಿಸಂ ಒಡೆದವರನ್ನು ಕೇಳಿ 2011ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಒಂದು ಅಧ್ಯಯನ ಮಾಡಿದರು. ಕಾಫಿ, ಜೋರಾಗಿ ಗಾಳಿ ಊದಿ ಮೂಗು ಸ್ವಚ್ಛ ಮಾಡಿಕೊಳ್ಳುವುದು, ಮಲವಿಸರ್ಜನೆಗೆ ತಿಣುಕುವುದು, ಸಿಟ್ಟು, ಬೆಚ್ಚಿಬೀಳುವುದು, ಇವುಗಳ ನಂತರ ಸ್ವಲ್ಪ ಹೊತ್ತು ಅಪಾಯ ಏರುತ್ತದೆ ಅಂತ ಕಂಡಿತು. ಪಟ್ಟಿ ನೋಡಿದರೆ ಬದುಕುವುದನ್ನೇ ಬಿಡಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಆ ಸ್ವಲ್ಪ ಹೊತ್ತಿನಲ್ಲಿ ಒಡೆಯುವ ಸಾಧ್ಯತೆ ಮೊದಲೇ ತೀರಾ ಸಣ್ಣದು, ಅದು ಹಲವು ಪಟ್ಟಾದರೂ ಸಣ್ಣದೇ. ಅಕ್ಕ ಕೆಮ್ಮಲಿ, ನಗಲಿ, ನಡೆಯಲಿ. ಮಲಬದ್ಧತೆ ಇದ್ದರೆ ಔಷಧಿ ತಗೊಳ್ಳಲಿ, ಉಸಿರು ಬಿಗಿಹಿಡಿದು ಭಾರಿ ತೂಕ ಎತ್ತುವುದನ್ನು ಬಿಡಲಿ. ಅಷ್ಟು ಸಾಕು.

ನಿಜವಾಗಿ ಗಮನ ಇಡಬೇಕಾದದ್ದು ಬೇರೆ. ಹಿಂದೆಂದೂ ಬರದಂಥ, ಸಿಡಿಲು ಹೊಡೆದ ಹಾಗೆ ಒಂದೇ ಸಲಕ್ಕೆ ಏರುವ ತಲೆನೋವು, ಅದರ ಜೊತೆ ವಾಂತಿ, ಕುತ್ತಿಗೆ ಬಿಗಿತ ಅಥವಾ ಪ್ರಜ್ಞೆ ತಪ್ಪುವುದು. ಇದ್ದಕ್ಕಿದ್ದಂತೆ ಒಂದು ಕಣ್ಣಿನ ರೆಪ್ಪೆ ಜೋತುಬೀಳುವುದು, ಎರಡೆರಡು ಕಾಣುವುದು. ಇವು ಯಾವುದಾದರೂ ಆದರೆ ಆ ಕ್ಷಣವೇ ಆಂಬ್ಯುಲೆನ್ಸ್ ಕರೆಯಿರಿ, ಮನೆಯಲ್ಲಿ ಯಾವ ನೋವಿನ ಮಾತ್ರೆಯನ್ನೂ ಕೊಟ್ಟು ಕಾಯಬೇಡಿ, ಆಸ್ಪಿರಿನ್ ಅಂತೂ ಬೇಡವೇ ಬೇಡ. ಒಂದು ಕಣ್ಣಿನ ದೃಷ್ಟಿ ನಿಧಾನವಾಗಿ ಮಂಜಾಗುತ್ತಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕದೆ ತಕ್ಷಣ ಡಾಕ್ಟರಿಗೆ ಹೇಳಿ. ಉಬ್ಬು ನರವನ್ನು ಒತ್ತುತ್ತಿದ್ದರೆ ಕಾಯುವ ಮಾತು ಅಲ್ಲಿಗೆ ಮುಗಿಯಿತು.

ನೀವು ಕೇಳಿಲ್ಲ, ಆದರೂ ಒಂದು ವಿಷಯ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಅಕ್ಕನನ್ನು ಬಿಟ್ಟು ಇನ್ನೊಬ್ಬರಿಗೆ ಅನ್ಯೂರಿಸಂ ಇತ್ತೇ, ಅಥವಾ ಯಾರಾದರೂ ಇದ್ದಕ್ಕಿದ್ದಂತೆ ಮೆದುಳಿನಲ್ಲಿ ರಕ್ತಸ್ರಾವ ಆಗಿ ತೀರಿಕೊಂಡರೇ ಅಂತ ಮನೆಯ ಹಿರಿಯರನ್ನು ವಿಚಾರಿಸಿ. ಹೌದಾದರೆ ಅಕ್ಕನ ಅಪಾಯದ ಲೆಕ್ಕ ಬದಲಾಗುತ್ತದೆ, ಅದನ್ನು ಮೂವರು ಡಾಕ್ಟರಿಗೂ ತಿಳಿಸಿ. ಕುಟುಂಬದಲ್ಲಿ ಇಬ್ಬರು ಅಥವಾ ಹೆಚ್ಚು ಜನಕ್ಕೆ ಇದ್ದರೆ ನಿಮಗೂ ಒಂದು ಎಂಆರ್ ಆಂಜಿಯೊಗ್ರಾಮ್ (ರಕ್ತನಾಳಗಳನ್ನು ತೋರಿಸುವ ಎಂಆರ್‌ಐ) ಮಾಡಿಸುವುದು ಸರಿ. ಕಿಡ್ನಿಯಲ್ಲಿ ನೀರುಗುಳ್ಳೆ ತುಂಬುವ ವಂಶಪಾರಂಪರ್ಯ ಕಾಯಿಲೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದನ್ನೂ ಹೇಳಿ. ಅಕ್ಕನೊಬ್ಬರಿಗೇ ಅಂತಾದರೆ ನಿಮಗೆ ಸದ್ಯಕ್ಕೆ ಸ್ಕ್ಯಾನ್ ಬೇಕಿಲ್ಲ, ಬಿಪಿ ನೋಡಿಸಿಕೊಂಡರೆ ಸಾಕು.